ಬದುಕಿರುವವರ ಕೊರಳಿಗೆ ಹಾರ

ಸತ್ತವರ ಫೋಟೋದಲ್ಲಿ ಹಣೆಗೆ ಕುಂಕುಮ, ಕೊರಳಿಗೆ ಹಾರ ಬಣ್ಣದಿಂದ ಬರೆಯುವುದರಲ್ಲಿ ಮಲ್ಲಿಗಾಳನ್ನು ಮೀರಿಸುವವರು ತುಡಿಯಲೂರಿನಲ್ಲೇ ಇಲ್ಲ ಎಂದು ಅವಳ ಸೋದರಮಾವ ಹೊಗಳುತ್ತಿದ್ದ. ಹೊಗಳಿಕೆಗೇನು ಖರ್ಚೇ? ಅವನ ಸ್ಟುಡಿಯೋದಲ್ಲಿ ಹಳೆಯ ಫೋಟೋಗಳ ಕಲೆ, ಗೀರು ಮುಚ್ಚಿ ಬಣ್ಣ ತುಂಬುವುದು ಅವಳ ಕೆಲಸ.

ಎಂಬತ್ತೈದನೇ ಇಸವಿಯಲ್ಲಿ, ತಮಿಳರ ಆಡಿ ತಿಂಗಳಲ್ಲಿ, ಮಾರಪ್ಪನ್ ಎಂಬ ನೇಕಾರ ಒಂದು ಫೋಟೋ ತಂದುಕೊಟ್ಟಿದ್ದ. ಅಕ್ಕಪಕ್ಕ ನಿಂತ ಇಬ್ಬರು ಹರೆಯದ ಅಣ್ಣತಮ್ಮಂದಿರು, ಅಚ್ಚೊತ್ತಿದ ಹಾಗೆ ಒಂದೇ ರೂಪು. "ಎಡಗಡೆ ಇರೋರು ನಮ್ಮ ದೊಡ್ಡತಾತ ಚೆನ್ನಿಯಪ್ಪನ್. ತೀರೋದ್ರು. ಅವ್ರನ್ನ ಮಾತ್ರ ಪೆರಿಸಾಗಿ, ದೊಡ್ಡದಾಗಿ ಮಾಡಿ, ಮಾಲೆ ಆಕಿ ಕೊಡು. ಹದಿನಾರನೇ ದಿನದ ಕಾರ್ಯಕ್ಕೆ ಬೇಕು" ಎಂದಿದ್ದ.

ಮಲ್ಲಿಗಾ ಹಾಗೇ ಮಾಡಿದಳು. ಗದ್ದದ ಮೇಲಿದ್ದ ಒಂದು ಗೀರನ್ನೂ ಮುಚ್ಚಿದಳು.

ಅದನ್ನು ಒಯ್ಯಲು ಬಂದವನು ಸತ್ತವನ ತಮ್ಮ, ನಂಜಪ್ಪನ್. ಕಾಗದ ಬಿಚ್ಚಿದ್ದೇ ತಡ, ಮುದುಕ ಕೈಮುಗಿದು ಅತ್ತುಬಿಟ್ಟ.

"ಅಣ್ಣಾ, ನನ್ನ ಬಿಟ್ಬುಟ್ಟು ಓದೆಯಲ್ಲಾ! ನನ್ನೂ ನಿನ್ನತ್ರ ಕೂಗಿಕೋ, ಸಾಕಾತು."

ಕಣ್ಣೊರೆಸಿಕೊಳ್ಳಲು ಅವನು ತಲೆ ಎತ್ತಿದಾಗ ಮಲ್ಲಿಗಾ ಅವನ ಮುಖ ನೋಡಿದಳು. ಅವನ ಗದ್ದದ ಮಧ್ಯದಲ್ಲಿ ಹಳೆಯ ಗಾಯದ ಕಲೆ. ಅವಳು ಬಣ್ಣ ಬಳಿದು ಮುಚ್ಚಿದ್ದು ಇದೇ ಜಾಗದಲ್ಲಿ.

ಮೂಲ ಫೋಟೋ ತೆಗೆದು ನೋಡಿದಳು. ಎಡಗಡೆಯವನ ಗದ್ದ ನುಣ್ಣಗಿತ್ತು. ಗೀರು ಇದ್ದದ್ದು ಬಲಗಡೆಯವನಿಗೆ. ದೊಡ್ಡದು ಮಾಡುವಾಗ ಅದರಿಂದ ತೆಗೆದ ನೆಗೆಟಿವನ್ನು ಮಗುಚಿ ಇಟ್ಟಿದ್ದಳು, ಎಡ ಬಲವಾಗಿತ್ತು. ಬದುಕಿರುವವನ ಕೊರಳಿಗೆ ಹಾರ ಹಾಕಿದ್ದಳು, ಪಾಪಿ! ಸತ್ತವರ ವೇಷದಲ್ಲಿರುವ ಚಿತ್ರ ತನ್ನದೇ ಎಂದು ಯಾವ ಮನುಷ್ಯ ತಾನೇ ಅಂದುಕೊಂಡಾನು? ಮುದುಕನಿಗೂ ಹೊಳೆದಿರಲಿಲ್ಲ.

ಹೇಳಿದರೆ ಇಲ್ಲೇ ಎದೆಯೊಡೆದು ಬಿದ್ದರೆ? ಹೇಳದಿದ್ದರೆ ನಾಳಿದ್ದು ಮನೆಮಂದಿಯೆಲ್ಲ ಜೀವಂತ ಮನುಷ್ಯನಿಗೆ ಎಡೆ ಇಟ್ಟು ಕರ್ಪೂರ ಹಚ್ಚುತ್ತಾರೆ. ಆಮೇಲೆ ಅವನಿಗೇನಾದರೂ ಆದರೆ ಕೊಂದವಳು ತಾನೇ. ಮುದುಕ ಫೋಟೋವನ್ನು ಎದೆಗೊತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದ.

"ತಾತಾ, ನಿಲ್ಲಿ! ಅದು ದೊಡ್ಡತಾತ ಅಲ್ಲ. ನೀವು."

ನಂಜಪ್ಪನ್ ಬಿಸಿಲಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಬೈಯುತ್ತಾನೆ, ಇಲ್ಲವೇ ಹಿರಿಯರಂತೆ ನಕ್ಕು ಕ್ಷಮಿಸುತ್ತಾನೆ ಎಂದು ಮಲ್ಲಿಗಾ ಕಾದಳು. ಅವನು ಎರಡೂ ಮಾಡಲಿಲ್ಲ. ವಾಪಸು ಹತ್ತಿ ಬಂದು, ಬೆಂಚಿನ ಮೇಲೆ ಕುಸಿದು, ಫೋಟೋವನ್ನು ಅವಳತ್ತ ತಳ್ಳಿದ.

"ಒರಸು, ಅಮ್ಮಿಣಿ. ಮಾಲೆ ಒರಸು. ಹಣೆ ಪೊಟ್ಟು ಒರಸು. ಬೇಗ."

ಅವಳು ಒದ್ದೆ ಹತ್ತಿಯಿಂದ ತಿಕ್ಕಿದಳು. ಕೆಂಪು, ಹಳದಿ ಕಲೆತು ಕೊರಳ ಮೇಲೆ ಹರಿಯಿತು. ಮುದುಕ ನೋಡಲಾರದೆ ಗೋಡೆಯ ಕಡೆ ತಿರುಗಿದ. ಅಣ್ಣನ ಫೋಟೋ ನಾಳೆ ಸಂಜೆಯೊಳಗೆ ಖಂಡಿತ ಕೊಡುತ್ತೇನೆ ಎಂದು ಅವಳು ಆಣೆಯಿಟ್ಟಳು. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಎಂಬತ್ತೊಂದು ವಯಸ್ಸು" ಎಂದ. "ಸಾಕು, ಕೂಗಿಕೋ ಅಂತ ಸಾಮಿ ಮುಂದೆ ದಿನಾ ಕೇಳ್ತಿದ್ದೆ. ಸುಳ್ಳು ಅಮ್ಮಿಣಿ, ಎಲ್ಲಾ ಸುಳ್ಳು. ನಂಗೆ ಬಯವಾಗ್ತದೆ."

ಎದ್ದು ನಿಂತವನು ಬಾಗಿಲ ಬಳಿ ತಡೆದ. ರಸ್ತೆಯಲ್ಲಿ ಮೇಟ್ಟುಪಾಳಯದ ಬಸ್ಸುಗಳು ಒಂದರ ಹಿಂದೆ ಒಂದು ಧೂಳೆಬ್ಬಿಸಿ ಓಡುತ್ತಿದ್ದವು. ಎಷ್ಟೋ ವರ್ಷ ಒಬ್ಬನೇ ದಾಟಿದ ರಸ್ತೆ. ಅವನು ಅವಳ ಕಡೆ ಕೈ ಚಾಚಿದ.