ಬಾಕ್ಸ್ ಟೆಸ್ಟ್ ಮಾಡುವ ಹಾಡು

ವಿಮಾನ ನಿಲ್ದಾಣ ಬಂದ ಮೇಲೆ ಮದುವೆಗಳೆಲ್ಲ ಹೆದ್ದಾರಿಯ ಛತ್ರಗಳಿಗೆ ಹೋದವು. ಪಕ್ಕದ ಆವತಿ ಊರಿನ ವೆಂಕಟರಾಯಪ್ಪನ ಮೈಕ್ ಸೆಟ್ಟನ್ನು ಬಾಡಿಗೆಗೆ ಕೇಳುವವರೇ ಇಲ್ಲವಾದರು. ಅವನ ಮಗಳು ಅರ್ಪಿತ ನಿಲ್ದಾಣದ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲಿದ್ದಳು. ಯಾವುದರಲ್ಲೂ ಮನಸ್ಸು ನಿಲ್ಲದೆ, ಒಂದು ದಿನ ಅಪ್ಪನ ಹಳೆಯ ಕ್ಯಾಸೆಟ್‌ಗಳನ್ನು ಹಾಕಿ ಕೇಳತೊಡಗಿದಳು.

ಒಂದರಲ್ಲಿ ಯಂತ್ರ ಬಡಿದಂಥ ತಾಳ, ಅದರ ಮೇಲೆ ಯಾರನ್ನೋ ಗದರುವಂತೆ ಹಾಡುವ ಹೆಂಗಸಿನ ದನಿ.

"ಅಪ್ಪಾ, ಇದ್ಯಾವ್ ಭಾಷೆ?"

"ಜರ್ಮನಿದು ಕಣಮ್ಮ. ಫ್ಯಾಕ್ಟ್ರಿಗೆ ಮಿಷನ್ ಕೂರ್ಸೋಕೆ ಬಂದಿದ್ದ ಇಂಜಿನಿಯರ್ ಕೊಟ್ಟೋದ. ಸ್ಪೀಕರ್ ಬಾಕ್ಸ್ ಟೆಸ್ಟ್ ಮಾಡೋಕೆ ಇದನ್ನೇ ಹಾಕ್ತಿದ್ದೆ."

ಅರ್ಪಿತ ಅದನ್ನೇ ಮತ್ತೆ ಮತ್ತೆ ಕೇಳಿದಳು. ಹಳೆಯ ಜರ್ಮನ್ ಸಂಗೀತದ ಹುಚ್ಚಿರುವವರು ಸೇರುವ ಒಂದು ವೆಬ್‌ಸೈಟಿಗೆ ಅದರ ತುಣುಕು ಹಾಕಿದಳು. ಉತ್ತರ ಬರೆದವಳು ಹಾಡಿದವಳೇ. ಹೆಸರು ಉಟೆ. ಗೆಳೆಯರು ಮನೆಯಲ್ಲೇ ರೆಕಾರ್ಡ್ ಮಾಡಿ ಹಂಚಿದ್ದ ಕ್ಯಾಸೆಟ್ ಅದು, ತನ್ನ ಬಳಿ ಒಂದೂ ಉಳಿದಿಲ್ಲ, ಪೂರ್ತಿ ಕಳಿಸುವೆಯಾ ಎಂದು ಕೇಳಿದ್ದಳು.

ಕಾಪಿ ಮಾಡುವಾಗ ಕೊನೆಯ ಹಾಡು ನಡುವೆ ಕಡಿದು, ಅಪ್ಪನ ದನಿ ಕೇಳಿಸಿತು: "ಮಹಾಜನರೇ, ನಾಳೆ ಪೋಲಿಯೋ ಹನಿ..."

"ಇದರ ಮೇಲೇ ರೆಕಾರ್ಡ್ ಮಾಡ್ಬೇಕಿತ್ತಾ ಅಪ್ಪಾ?"

"ಆಟೋದಲ್ಲಿ ಪ್ರಚಾರಕ್ಕೆ ಬೇಕಿತ್ತು, ಖಾಲಿ ಕ್ಯಾಸೆಟ್ ಇರ್ಲಿಲ್ಲ. ಇದನ್ನ ಕೇಳ್ಕೊಂಡು ಯಾರಾದ್ರೂ ಬರ್ತಾರೆ ಅಂತ ನಂಗೇನ್ ಗೊತ್ತು?"

ಇದ್ದಷ್ಟನ್ನು ಕಳಿಸಿದಳು. ಉಟೆ ಕಂಪ್ಯೂಟರಿನಲ್ಲೇ ಕರೆ ಮಾಡಿದಳು. ಅವಳಿಗೆ ಮುಖ್ಯವಾಗಿ ಬೇಕಿದ್ದದ್ದು ಆ ಕೊನೆಯ ಹಾಡೇ. ಅರ್ಪಿತ ತಿರುಗಿ ಅಪ್ಪನಿಗೆ ಅದನ್ನು ಹೇಳಿದಳು.

ಬಾಗಿಲಲ್ಲಿ ನಿಂತಿದ್ದ ವೆಂಕಟರಾಯಪ್ಪ ಒಳಗೆ ಬಂದ. "ಅದು ನಂಗೆ ಬರುತ್ತೆ," ಎಂದವನೇ ಆಂಪ್ಲಿಫೈಯರಿನ ಮೇಲೆ ಅಂಗೈಯಿಂದ ತಾಳ ಹಾಕುತ್ತ, ಮಾತಿಲ್ಲದೆ ಧಾಟಿಯನ್ನಷ್ಟೇ ಹಾಡಿದ.

ಉಟೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. "ಅದು ಹಿಂಗಿರ್ಲಿಲ್ವಂತೆ," ಎಂದಳು ಅರ್ಪಿತ. ಅಪ್ಪನ ಮುಖ ಸಣ್ಣಗಾಯಿತು.

"ಆದ್ರೆ ಹೆಂಗಿತ್ತು ಅಂತ ಅವ್ರಿಗೂ ನೆನಪಿಲ್ವಂತೆ. ಇನ್ನೊಂದ್ಸಲ ಹಾಡ್ಬೇಕಂತೆ."

ಅವನು ಮತ್ತೆ ಹಾಡಿದ. ಉಟೆಯೂ ದನಿಗೂಡಿಸಿದಳು. ಒಂದೇ ತಿರುವಿನಲ್ಲಿ ಇಬ್ಬರೂ ಪದೇ ಪದೇ ತಪ್ಪುತ್ತಿದ್ದರು. "ಅಲ್ಲಲ್ಲ, ಹಿಂಗಮ್ಮ!" ಎಂದು ಅವನು ಕನ್ನಡದಲ್ಲೇ ಜಗಳಕ್ಕೆ ನಿಂತ. ಅರ್ಪಿತ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು.

ಮರುವರ್ಷ ಜರ್ಮನಿಯಲ್ಲಿ ಆ ಹಾಡು ಮತ್ತೆ ಹೊರಬಂತು, ಕಡಿದಿದ್ದ ಕಡೆ ವೆಂಕಟರಾಯಪ್ಪ ಹಾಡಿದ ದನಿಯೊಂದಿಗೆ. ಕೇಳಿ ಅವನಿಗೆ ಸಮಾಧಾನವಾಗಲಿಲ್ಲ. "ತಾಳ ಇನ್ನೂ ಸ್ವಲ್ಪ ಜೋರಾಗಿ ಓಡ್ಬೇಕಿತ್ತು," ಎನ್ನುತ್ತ ಸಂಜೆಯವರೆಗೂ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ.