ಚೀನಾ ಚಾನೆಲ್ಲಿನ ಮುದುಕ

ಗುರುಶಾಂತಮ್ಮ ಚೀನೀಯರ ಮಗಳೆಂಬುದು ಅಫಜಲಪುರದಲ್ಲಿ ಆಕೆಯ ಗಂಡ ಮಲ್ಲಣ್ಣನೊಬ್ಬನಿಗೇ ಗೊತ್ತಿತ್ತು. ಶಿಲಾಂಗಿನಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದ ಅವನು ಆಕೆಯನ್ನು ಮದುವೆಯಾಗಿ ಊರಿಗೆ ಕರೆತಂದಾಗ, ಅಸ್ಸಾಂ ಕಡೆಯವಳೆಂದಷ್ಟೇ ಹೇಳಿದ್ದ. ಅತ್ತೆ ಲಿಂಗ ಕಟ್ಟಿಸಿ, ಹೆಸರು ಬದಲಿಸಿ, ರೊಟ್ಟಿ ಬಡಿಯುವುದನ್ನು ಕಲಿಸಿದ್ದಳು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆಕೆಯ ಮುಖದ ಬಗ್ಗೆ ಕೇಳುವವರೂ ಇಲ್ಲವಾಗಿದ್ದರು.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ದೌಲತರಾಯ ತನ್ನ ಮಾಳಿಗೆಯ ಮೇಲೆ ದೊಡ್ಡ ಡಿಶ್ ಕೂರಿಸಿ ಓಣಿಗೆಲ್ಲ ಕೇಬಲ್ ಎಳೆದ. ಹಿಂದಿ ಚಾನೆಲ್ಲುಗಳ ಜೊತೆ ಚೀನಾ ಸರ್ಕಾರದ ಒಂದು ಚಾನೆಲ್ಲೂ ಬರತೊಡಗಿತು. ಪರದೇಶಗಳಲ್ಲಿರುವ ತಮ್ಮ ಜನರಿಗಾಗಿ ಅವರು ನಡೆಸುವ ಚಾನೆಲ್ ಅದು. ಓಣಿಯ ಹೆಂಗಸರು ಮಧ್ಯಾಹ್ನ ಹೀರಾಬಾಯಿಯ ಮನೆಯಲ್ಲಿ ಕೂತು, ಅರ್ಥವಾಗದ ಆ ಮಾತು ಕೇಳಿ ನಗುತ್ತಿದ್ದರು. ಗುರುಶಾಂತಮ್ಮನಿಗೆ ಅರ್ಥವಾಗುತ್ತಿತ್ತು. ಮನೆಯಲ್ಲಿ ಅಪ್ಪ ಆಡುತ್ತಿದ್ದ ಮಾತು ಬೇರೆ, ಆದರೆ ಶಿಲಾಂಗಿನ ಚೀನೀ ಶಾಲೆಯಲ್ಲಿ ಕಲಿಸಿದ್ದು ಇದನ್ನೇ. ಉಳಿದವರು ನಕ್ಕಾಗ ಆಕೆಯೂ ನಗುತ್ತಿದ್ದಳು.

ಒಂದು ದಿನ ಪರದೆಯ ಮೇಲೆ ಒಬ್ಬ ಮುದುಕ ಅಳುತ್ತಿದ್ದ. ಇವನಿಗೇನಾಯಿತೋ ಎಂದು ಹೀರಾಬಾಯಿ ತನ್ನಷ್ಟಕ್ಕೆ ಅಂದಳು.

"ಮಗಳು ಹಿಂದೂಸ್ತಾನದಾಗ ಉಳದಾಳಂತ್ರಿ," ಎಂದಳು ಗುರುಶಾಂತಮ್ಮ.

ಮಾತು ಬಾಯಿಂದ ಬಿದ್ದ ಮೇಲೆ ಆಕೆಗೆ ಅದು ಕೇಳಿಸಿತು. ಹೆಂಗಸರೆಲ್ಲ ತಿರುಗಿ ನೋಡಿದರು. ಸುಮ್ಮನೆ ಅಂದೆ ಎಂದು ಹೇಳಿ ಎದ್ದು ಬಂದಳು. ಬರುವಾಗ ಮುದುಕನ ಮುಖವನ್ನು ಮತ್ತೊಮ್ಮೆ ನೋಡಿದಳು. ಅವನು ಅಪ್ಪನಲ್ಲ.

ಅರವತ್ತೆರಡರ ಚೀನಾ ಯುದ್ಧದಲ್ಲಿ ಶಿಲಾಂಗಿನ ಚೀನೀಯರನ್ನು ಹಿಡಿದೊಯ್ಯಲು ಪೊಲೀಸರು ಬಂದಾಗ ಆಕೆಗೆ ಒಂಬತ್ತು ವರ್ಷ. ಎರಡು ದಿನದ ಬಟ್ಟೆ ಸಾಕು ಎಂದಿದ್ದರು. ರಾಜಸ್ಥಾನದ ಕ್ಯಾಂಪಿನಲ್ಲಿ ಕೂಡಿಹಾಕಿದರು. ತಾಯಿ ಅಲ್ಲಿಯೇ ತೀರಿಕೊಂಡಳು. ಅಪ್ಪನನ್ನು ಚೀನಾದ ಹಡಗು ಹತ್ತಿಸಿದಾಗ ಜ್ವರ ಬಂದು ಮಲಗಿದ್ದ ಮಗಳು ಇಲ್ಲೇ ಉಳಿದಳು. ವರ್ಷಗಳ ಮೇಲೆ ಬಿಡುಗಡೆಯಾದಾಗ ಚಿಕ್ಕಮ್ಮನೊಬ್ಬಳು ಶಿಲಾಂಗಿಗೆ ಕರೆದೊಯ್ದು ಸಾಕಿದಳು.

ಆ ವಾರವೆಲ್ಲ ಆಕೆ ಬಾಗಿಲ ಬಳಿ ಹೆಜ್ಜೆಯ ಸಪ್ಪಳವಾದರೆ ಒಲೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಊರಲ್ಲಿ ಮಾತು ಹಬ್ಬಿತ್ತು. ಆ ಡಿಶ್ಶಿನಿಂದ ಚೀನಾದವರು ನಮ್ಮನ್ನೂ ನೋಡುತ್ತಾರೆಂದು ಕೆಲವರು, ಮಲ್ಲಣ್ಣನ ಹೆಂಡತಿ ಅವರಿಗೆ ಸುದ್ದಿ ಕೊಡುತ್ತಾಳೆಂದು ಕೆಲವರು ಹೇಳತೊಡಗಿದರು. ಮಲ್ಲಣ್ಣ ತೊಗರಿ ಲೋಡು ತಗೊಂಡು ಸೊಲ್ಲಾಪುರಕ್ಕೆ ಹೋದ ದಿನವೇ ಪೊಲೀಸ್ ಠಾಣೆಯ ಜಮಾದಾರ ಬಂದು ಮನೆಯ ಕಟ್ಟೆಯ ಮೇಲೆ ಕೂತು, ಹೊರಗೆ ಬರಲು ಹೇಳಿಕಳಿಸಿದ.

ಗುರುಶಾಂತಮ್ಮ ಒಳಗೆ ಹೋಗಿ ಸೀರೆ, ಹೊದಿಕೆ, ಮಗಳು ಪ್ರಮಿಲಾಳ ಸ್ವೆಟರ್ ಎಲ್ಲ ಗಂಟು ಕಟ್ಟಿದಳು. ಎರಡು ದಿನಕ್ಕಲ್ಲ, ಬಹಳ ದಿನಕ್ಕಾಗುವಷ್ಟು. ಈ ಸೆಕೆಯಲ್ಲಿ ಸ್ವೆಟರ್ ಯಾಕೆ ಎಂದು ಪ್ರಮಿಲಾ ಕೇಳುತ್ತಿದ್ದರೂ ಗಂಟನ್ನು ಬಿಗಿದಳು. ಗಂಟು ಹಿಡಿದೇ ಹೊರಗೆ ಬಂದಳು.

"ನಿನಗ ಚೀನಾ ಭಾಷಾ ಬರ್ತದೇನಬೇ?" ಎಂದ ಜಮಾದಾರ.

ಇಲ್ಲವೆನ್ನಲು ಬಾಯಿ ತೆರೆದಳು. ಮಗಳು ಹಿಂದೆಯೇ ನಿಂತಿದ್ದಳು.

"ಬರ್ತದ್ರಿ. ನಾ ಹುಟ್ಟಿದ್ದು ಶಿಲಾಂಗದಾಗ. ನಮ್ಮಪ್ಪ ಅಲ್ಲಿ ಬೂಟು ಹೊಲಿತಿದ್ದ. ನಾ ಯಾರಿಗೂ ಏನೂ ಹೇಳಿಲ್ರಿ."

ಅಷ್ಟರಲ್ಲಿ ಹೀರಾಬಾಯಿ ಬಂದು ಆಕೆಯ ಕೈಯಿಂದ ಗಂಟು ಕಿತ್ತು ಕಟ್ಟೆಯ ಮೇಲಿಟ್ಟಳು.

"ಜಮಾದಾರಸಾಬ, ಈಕಿ ಕೂಡ ಇಪ್ಪತ್ತ ವರ್ಷ ಅಡಗಿ ಹಂಚ್ಕೊಂಡು ತಿಂದೇನಿ. ಒಯ್ಯೂದಿದ್ರ ನನ್ನೂ ಒಯ್ರಿ."

ಜಮಾದಾರ ಇಬ್ಬರನ್ನೂ ನೋಡಿದ. ಮೇಲಿನವರು ಕೇಳಿದರೆ ಹೇಳಬೇಕಾಗುತ್ತದೆ, ಊರು ಬಿಟ್ಟು ಹೋಗಬೇಡ ಎಂದು ಎದ್ದುಹೋದ. ದೌಲತರಾಯ ಅಂದೇ ಆ ಚಾನೆಲ್ ತೆಗೆದುಹಾಕಿದ.

ಮತ್ತೆ ಯಾರೂ ಬರಲಿಲ್ಲ. ಆದರೂ ಗುರುಶಾಂತಮ್ಮ ಖಾಕಿ ಅಂಗಿ ಕಂಡರೆ ಸಂತೆಯಲ್ಲಿ ಹಾದಿ ಬದಲಿಸುತ್ತಿದ್ದಳು. ತಾಯಿ ಜಮಾದಾರನಿಗೆ ಹೇಳಿದ್ದು ಬಿಟ್ಟು ಉಳಿದದ್ದನ್ನು ಇನ್ನೂ ಮುಚ್ಚಿಡುತ್ತಿದ್ದಾಳೆಂದು ಪ್ರಮಿಲಾ ಮಾತು ಬಿಟ್ಟಿದ್ದಳು. ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ, ಅಕ್ಕಿ ಆರಿಸುತ್ತ ಕೂತಿದ್ದವಳು ಮಗಳನ್ನು ಹತ್ತಿರ ಕರೆದು, ಬಾಗಿಲು ಮುಂದೆ ಮಾಡಿ ಬರಲು ಹೇಳಿದಳು. ಆಮೇಲೆ ತನ್ನ ಅಪ್ಪನ ಹೆಸರನ್ನು, ಅವನು ಕರೆಯುತ್ತಿದ್ದ ತನ್ನ ಹೆಸರನ್ನು, ಓಣಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿಕೊಟ್ಟಳು.