ಹಟಮಾರಿ ಕುನ್ನಿ ಎಂಬ ಹೆಸರು

ನಾನು ಒಂದು ನಾಯಿ. ಗದಗಿನ ಬೀದಿಯ ಕಂದು ಬಣ್ಣದ ನಾಯಿ. ತಳಿ ಯಾವುದೆಂದು ಕೇಳುವವರಿಗೆ ಹೇಳುವಂಥದ್ದೇನೂ ನನ್ನಲ್ಲಿಲ್ಲ. ಯಾರೋ ರಸ್ತೆ ಬದಿಗೆ ಉರುಳಿಸಿಹೋಗಿದ್ದ ಸಿಮೆಂಟ್ ಪೈಪಿನೊಳಗೆ ಹುಟ್ಟಿದೆ. ಅವ್ವ ಆ ಪೈಪನ್ನು ನೆಕ್ಕಿ ನೆಕ್ಕಿ ಎಷ್ಟು ಚೊಕ್ಕಟವಾಗಿಟ್ಟಿದ್ದಳೆಂದರೆ, ಆಮೇಲೆ ನಾನು ಕಂಡ ಯಾವ ಮನೆಯೂ ಅದಕ್ಕೆ ಸಮನಾಗಲಿಲ್ಲ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಸಂಗನಬಸಪ್ಪ ಮಾಸ್ತರರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸುವವರು. ಅವರು ಸೀಟಿ ಊದಿದರೆ ಇಡೀ ಮೈದಾನವೇ ಕಲ್ಲಾಗಿ ನಿಲ್ಲುತ್ತಿತ್ತಂತೆ. ಇದನ್ನು ಬಂದವರಿಗೆಲ್ಲ ಅವರೇ ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನನಗೆ ‘ಕಮಾಂಡೋ’ ಎಂದು ಹೆಸರಿಟ್ಟರು. ಅಂಗೈಯಲ್ಲಿ ಹಿಡಿಸುವ ಪ್ರಾಣಿಗೆ ಇಂಥ ಹೆಸರಿಡುವವರ ಬುದ್ಧಿ ಎಷ್ಟೆಂದು ನನಗೆ ಅವತ್ತೇ ಅಂದಾಜಾಯಿತು. ಅವರ ತಾಯಿ ಶಿವಲಿಂಗವ್ವನ ಬಾಯಲ್ಲಿ ಆ ಹೆಸರು ಹೊರಳದೆ ‘ಕಮಂಡ್ಲ’ ಆಯಿತು.

ಬೆಳಿಗ್ಗೆ ಎದ್ದರೆ ನನ್ನ ಶಿಕ್ಷಣ ಶುರು. ಮಾಸ್ತರರು ನನ್ನನ್ನು ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು, ಸೀಟಿ ಊದುತ್ತಿದ್ದರು.

“ಹೂಂ, ಮಾಡು!”

ನಾನು ಇರುವೆಗಳನ್ನು ನೋಡುತ್ತಿದ್ದೆ.

“ಮಾಡ್ತಿಯೋ ಇಲ್ಲೋ?” ಮತ್ತೊಂದು ಸೀಟಿ.

ಎದುರಿಗೊಬ್ಬರು ನಿಂತು ಸೀಟಿ ಊದಿದರೆ ನಿಮಗೆ ಉಚ್ಚೆ ಬರುತ್ತದೆಯೇ? ನನಗೂ ಬರಲಿಲ್ಲ. ಅವರು ಸೋತು ನನ್ನನ್ನು ಒಳಗೆ ತಂದು ಬಿಟ್ಟ ಮೇಲೆ, ಸಾವಕಾಶವಾಗಿ ಅವರ ಬಿಳಿ ಕ್ಯಾನ್ವಾಸ್ ಬೂಟಿನ ಪಕ್ಕದಲ್ಲಿ ಕೆಲಸ ಮುಗಿಸಿಕೊಳ್ಳುತ್ತಿದ್ದೆ. ಒಂದು ಸಲ ಪಕ್ಕದಲ್ಲಲ್ಲ, ಬೂಟಿನ ಒಳಗೇ. ಆಗ ನನ್ನ ಮೂತಿಯನ್ನು ಒದ್ದೆಗೆ ಒತ್ತಿ ಹಿಡಿದು, ಪೇಪರನ್ನು ಸುರುಳಿ ಸುತ್ತಿ ಬಾರಿಸಿದರು. ಅದರಿಂದ ನಾನು ಕಲಿತದ್ದು ಒಂದೇ: ಈ ಮನುಷ್ಯನ ಕಣ್ಣೆದುರು ಉಚ್ಚೆ ಹೊಯ್ಯಬಾರದು. ಹಾಗಿದ್ದ ಮೇಲೆ ಹಿತ್ತಲಿನಲ್ಲಿ ಅವರ ಮುಂದೆ ಹೊಯ್ಯುವುದೆಲ್ಲಿ ಬಂತು? ಇಷ್ಟು ಸಣ್ಣ ಮಾತು ಮಾಸ್ತರಿಕೆ ಮಾಡುವವರಿಗೆ ತಿಳಿಯಲಿಲ್ಲ. ನನ್ನನ್ನೇ ಹಟಮಾರಿ ಎಂದರು.

ನನಗೆ ನಿಜವಾಗಿ ಕಲಿಸಿದ್ದು ಮುದುಕಿ. ಹಾಲು ಕುಡಿದು ಮುಗಿಸಿದೆನೋ, ಕೋಲು ಕುಟ್ಟಿಕೊಂಡು ಮಂಚದಿಂದ ಇಳಿಯುತ್ತಿದ್ದಳು. “ನಡಿಯೋ ಬಾಡ್ಯಾ, ಹೊರಗ ಹೋಗೂಣು.” ಹಿತ್ತಲಿಗೆ ಹೋದ ಮೇಲೆ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕರಿಬೇವಿನ ಎಲೆ ಹರಿಯುತ್ತಲೋ, ಗೋಡೆಯಾಚೆಯವರನ್ನು ಮಾತಾಡಿಸುತ್ತಲೋ ನಿಲ್ಲುತ್ತಿದ್ದಳು. ನನ್ನದು ಮುಗಿದರೆ ಸೆರಗಿನ ಗಂಟಿನಿಂದ ಜೋಳದ ರೊಟ್ಟಿಯ ಚೂರು ಹೊರಗೆ ಬರುತ್ತಿತ್ತು. “ಶಾಣ್ಯಾ ಅದಿ.” ಉಂಡ ಮೇಲೆ, ಮಲಗಿ ಎದ್ದ ಮೇಲೆ, ಇದೇ ನಡೆಯಿತು. ಕೊನೆಗೆ ನಾನೇ ಹೋಗಿ ಹಿತ್ತಲ ಬಾಗಿಲು ಕೆರೆಯತೊಡಗಿದೆ. ಮನೆಯೊಳಗೆ ಒಂದು ಹನಿಯೂ ಬೀಳಿಸಲಿಲ್ಲ. ಮಾಸ್ತರರು ಇದೆಲ್ಲ ಸೀಟಿಯ ಪ್ರತಾಪವೆಂದು ಬೀಗಿದರು.

ಅವರ ಜಂಬ ಬಹಳ ದಿನ ಉಳಿಯಲಿಲ್ಲ. ಶಿವಲಿಂಗವ್ವನ ಮಂಚದ ಹತ್ತಿರ ನೆಲ ಮತ್ತೆ ಒದ್ದೆಯಾಗತೊಡಗಿತು. ಮೊದಲ ಸಲ ಅದನ್ನು ಕಂಡವಳು ಸೊಸೆ ಕಸ್ತೂರಿ. ನಾನು ಮಂಚದ ಕೆಳಗೇ ಮಲಗಿದ್ದೆ.

“ಮತ್ತ ಮಾಡಿತೇನ್ರಿ ಅತ್ತಿ ಇದು?”

ಮುದುಕಿ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು. ಒದ್ದೆ ಸೀರೆಯ ನೆರಿಗೆಯನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿಕೊಂಡು, “ಹೂಂ, ಕುನ್ನಿ ಮಾಡೇತಿ” ಎಂದಳು.

ಪೇಪರಿನ ಸುರುಳಿ ಮತ್ತೆ ಬಂತು. ಪೆಟ್ಟು ತಿನ್ನುತ್ತ ನಾನು ಮುದುಕಿಯನ್ನೇ ನೋಡುತ್ತಿದ್ದೆ. ಅವಳು ಗೋಡೆ ನೋಡುತ್ತಿದ್ದಳು. ಕಾಲು ತೊಳೆಯದೆ ಯಾರನ್ನೂ ಅಡುಗೆಮನೆಗೆ ಬಿಡದ ಹೆಂಗಸು, ಸೊಸೆ ಹಾಸಿದ ಹಾಸಿಗೆಯ ಸುಕ್ಕನ್ನು ಬೆರಳಿಟ್ಟು ತೋರಿಸುತ್ತಿದ್ದ ಹೆಂಗಸು, ಒಂದು ಕುನ್ನಿಯ ಹಿಂದೆ ಅಡಗಿಕೊಂಡಳು. ಆ ಸಂಜೆಯ ರೊಟ್ಟಿಗೆ ತುಪ್ಪ ಸವರಿದ್ದಳು. ಲಂಚವೆಂದು ಗೊತ್ತಿದ್ದೂ ತಿಂದೆ. ಅವಳನ್ನು ಹಳಿಯುವಾಗ ಇದನ್ನೂ ಹೇಳಬೇಕಾಗುತ್ತದೆ.

ಹೀಗೇ ತಿಂಗಳುಗಳು ಹೋದವು. ದಿನವೂ ನೆಲ ಒರೆಸಿ ಕಸ್ತೂರಿಯ ಸೊಂಟ ಹಿಡಿದುಕೊಂಡಿತು. ಒಂದು ದಿನ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದು, “ಈ ಕುನ್ನಿ ಮನ್ಯಾಗಿರೂದಾದ್ರ ನಾ ಇರೂದಿಲ್ಲ ನೋಡ್ರಿ!” ಎಂದಳು. ಮುದುಕಿ ಗೋಡೆಯ ಕಡೆ ಹೊರಳಿದಳು. ಮಾಸ್ತರರು ನನ್ನನ್ನು ಸೈಕಲ್ಲಿನ ಹಿಂದೆ ಬುಟ್ಟಿಯಲ್ಲಿ ಕಟ್ಟಿ, ಊರಾಚೆಯ ಹತ್ತಿ ಮಿಲ್ಲಿಗೆ ಒಯ್ದು, ಅಲ್ಲಿಯ ಕಾವಲುಗಾರ ದಾವಲಸಾಬನಿಗೆ ಕೊಟ್ಟರು.

ದಾವಲಸಾಬ ಕೆಟ್ಟವನಲ್ಲ. ಆದರೆ ಅವನು ತನ್ನ ಮೊಣಕಾಲು ನೋವನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹತ್ತಿ ಮೂಟೆಗಳ ಪಕ್ಕ ನನ್ನನ್ನು ಸರಪಳಿಯಲ್ಲಿ ಕಟ್ಟಿದ್ದ. ಉಚ್ಚೆ ಬಂದಾಗ ಬೊಗಳಿ ಬಿಚ್ಚಿಸಿಕೊಂಡು ಬೇಲಿಯ ತನಕ ಹೋಗಿ ಬರುತ್ತಿದ್ದೆ. ರಾಶಿ ಹತ್ತಿ ಎದುರಿಗಿದ್ದರೂ ಒಮ್ಮೆಯೂ ಅದನ್ನು ಕೆಡಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಸ್ತರರು ಬಂದರು. ಗಡ್ಡ ಬಂದಿತ್ತು, ಅಂಗಿ ಮುದುರಿತ್ತು. ಬಂದವರೇ ನನ್ನ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

“ಏನಾತ್ರಿ ಸರ?” ಎಂದ ದಾವಲಸಾಬ.

“ಇದನ್ನ ಇಲ್ಲಿ ಬಿಟ್ಟಾಗಿಂದ ನಮ್ಮವ್ವ ನೀರು ಕುಡಿಯೂದ ಕಡಿಮಿ ಮಾಡ್ಯಾಳ. ಚಾ ಒಲ್ಲೆ ಅಂದ್ಲು, ಮಜ್ಜಿಗಿ ಒಲ್ಲೆ ಅಂದ್ಲು. ನಿನ್ನೆ ಬಚ್ಚಲದಾಗ ತಲಿ ತಿರುಗಿ ಬಿದ್ಲು. ಡಾಕ್ಟರು, ಯಾಕಬೇ ನೀರು ಕುಡಿಯವಲ್ಲಿ ಅಂತ ಕೇಳಿದ್ರು.” ಮಾಸ್ತರರು ನನ್ನ ಸರಪಳಿಗೆ ಕೈ ಹಾಕಿದರು. “ಕುನ್ನಿ ಇಲ್ಲಲ್ಲೋ ತಮ್ಮಾ ಅಂತ ನನ್ನ ಕಡೆ ತಿರುಗಿ ಅತ್ಲು.”

ದಾವಲಸಾಬ ತನ್ನ ಮೊಣಕಾಲನ್ನು ಮರೆತು ನಿಂತ. ಮಾಸ್ತರರು ನನ್ನ ಸರಪಳಿ ಬಿಚ್ಚಿದರು. ಆ ಕೈಯನ್ನು ಕಚ್ಚಬಹುದಿತ್ತು. ಕಚ್ಚುವಷ್ಟು ಲೆಕ್ಕಕ್ಕೂ ಅವರನ್ನು ನಾನು ತೆಗೆದುಕೊಂಡಿರಲಿಲ್ಲ.

ಮನೆಗೆ ಬಂದ ಎರಡು ದಿನಕ್ಕೆ ಓಣಿಯ ಹೆಂಗಸರು ಮುದುಕಿಯನ್ನು ನೋಡಲು ಬಂದರು. ನಾನು ತಲಬಾಗಿಲ ಹೊಸ್ತಿಲ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿದ್ದೆ. ಮಗ ತಾನೇ ಕುಡಿಸಿದ ನೀರು ಅವಳ ಹೊಟ್ಟೆಯಲ್ಲಿತ್ತು. ಮಾತಿನ ನಡುವೆ ಮಂಚದ ಅಂಚಿನಿಂದ ನೆಲಕ್ಕೆ ಹನಿ ಬಿತ್ತು, ಹನಿ ಧಾರೆಯಾಯಿತು. ಹೆಂಗಸರು ಕಾಲು ಹಿಂದಕ್ಕೆಳೆದುಕೊಂಡರು. ಮುದುಕಿಯ ಮುಖ ಬೂದಿಯಾಯಿತು.

ಮಾಸ್ತರರು ಎದ್ದು ನಿಂತರು.

“ಥೂ, ಕಮಾಂಡೋ! ಮತ್ತ ಮಾಡಿದ್ಯಾ? ಎಷ್ಟು ಕಲಿಸಿದ್ರೂ ಕಲೀವಲ್ದು ನೋಡ್ರಿ ಇದು.”

ಕಸ್ತೂರಿ ಗಂಡನನ್ನು ಒಂದು ಗಳಿಗೆ ನೋಡಿದಳು. ಹೋಗಿ ಬಟ್ಟೆ ತಂದಳು. ಮಾಸ್ತರರು ಅದನ್ನು ಅವಳ ಕೈಯಿಂದ ಇಸಿದುಕೊಂಡು, ಎಲ್ಲರೆದುರು ಮಂಡಿಯೂರಿ ಒರೆಸತೊಡಗಿದರು.

ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ ಈ ಮನುಷ್ಯ? ಒದ್ದೆ ಮಂಚದ ಬುಡದಲ್ಲಿ, ಮಾಡಿದ ನಾಯಿ ಹೊಸ್ತಿಲಲ್ಲಿ. ಯಾರು ನಂಬುತ್ತಾರೆ? ಇವರ ಕೈಯಲ್ಲಿ ಏನೂ ಆಗುವುದಿಲ್ಲವೆಂದುಕೊಂಡು ನಾನು ಎದ್ದೆ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಆ ಒದ್ದೆಯ ಪಕ್ಕದಲ್ಲೇ ಕೂತು, ಕಿವಿ ಇಳಿಬಿಟ್ಟು, ತಲೆ ತಗ್ಗಿಸಿದೆ.

“ಅಯ್ಯ, ತಪ್ಪು ಮಾಡೀನಿ ಅಂತ ಹೆಂಗ ಕುಂತೈತಿ ನೋಡ್ರೆವ್ವ!” ಎಂದು ಒಬ್ಬಳು ನಕ್ಕಳು. ಉಳಿದವರೂ ನಕ್ಕರು.

ಮಂಚದಿಂದ ಒಂದು ಕೈ ಇಳಿದು ನನ್ನ ತಲೆಯ ಮೇಲೆ ಕೂತಿತು. “ಇರಲಿ ಬಿಡೋ ತಮ್ಮಾ,” ಎಂದಳು ಮುದುಕಿ, “ಇನ್ನಾ ಸಣ್ಣದೈತಿ.” ಆಗಲೇ ನಾನು ಮಂಚದೆತ್ತರಕ್ಕೆ ಬೆಳೆದಿದ್ದೆ.

ಅವಳು ಸಾಯುವ ತನಕ ಹೊಟ್ಟೆ ತುಂಬ ನೀರು ಕುಡಿದಳು. ಅಷ್ಟೂ ಕಾಲ ಮಾಡಿದ್ದು ನಾನೇ.

ಈಗ ನನ್ನ ಮೂತಿ ಬೆಳ್ಳಗಾಗಿದೆ, ಹಿಂಗಾಲು ಮಾತು ಕೇಳುವುದಿಲ್ಲ. ಮಾಸ್ತರರು ನಿವೃತ್ತರಾಗಿದ್ದಾರೆ. ಮನೆಗೆ ಯಾರೇ ಬಂದರೂ, “ಇದರಷ್ಟು ಹಟಮಾರಿ ಕುನ್ನಿ ನಾ ನೋಡಿಲ್ರಿ” ಎನ್ನುತ್ತಾರೆ. ಹೇಳಿಕೊಳ್ಳಲಿ. ತಾಯಿಯ ಮಂಚ ತೆಗೆದ ಮೇಲೆ ಆ ಮೂಲೆಯನ್ನು ಫಿನೈಲ್ ಹಾಕಿ ತಿಕ್ಕಿಸಿದರು. ಏನೂ ಉಳಿದಿಲ್ಲವೆಂದು ತಿಳಿದಿದ್ದಾರೆ. ನೆಲದ ಕಲ್ಲಿನ ಸಂದಿಯಲ್ಲಿ, ನನ್ನ ಮೂಗಿಗೆ, ಅವಳು ಇನ್ನೂ ಇದ್ದಾಳೆ. ಇವರಿಗೆ ತಿಳಿಸುವುದು ನನ್ನಿಂದಾಗುವ ಕೆಲಸವಲ್ಲ. ಮಧ್ಯಾಹ್ನ ಮನೆಯೆಲ್ಲ ಮಲಗಿದ ಮೇಲೆ ಅಲ್ಲಿಗೆ ಹೋಗಿ, ಆ ಸಂದಿಗೆ ಮೂತಿಯಿಟ್ಟು ಮಲಗುತ್ತೇನೆ.